ಫಾರ್ಮ್ಯಾಟ್ ಹೊಡೆಯುವ ಕಸುಬು ಮತ್ತು ಮೈಕ್ರೋಸಾಫ್ಟ್‌ನ ಮಾನ

ಭಾಲ್ಕಿಯಲ್ಲಿ ಕಂಪ್ಯೂಟರ್ ರಿಪೇರಿ ಅನ್ನುವ ಕಸುಬು ಬಹುಕಾಲ ನಿಂತದ್ದು ಒಂದೇ ಕೆಲಸದ ಮೇಲೆ. ಅದು ಫಾರ್ಮ್ಯಾಟ್ ಹೊಡೆಯುವುದು. ಸಿ ಡ್ರೈವ್ ಪೂರ್ತಿ ಅಳಿಸು, ವಿಂಡೋಸ್ ಎಕ್ಸ್‌ಪಿ ಮತ್ತೆ ಹಾಕು, ಸೌಂಡಿನ ಡ್ರೈವರ್ ಹುಡುಕಿ ಹಾಕು, ಆಫೀಸ್ ಹಾಕು, ಕನ್ನಡ ಬರೆಯಲು ನುಡಿ ಹಾಕು. ಎಲ್ಲ ಮುಗಿದ ಮೇಲೆ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಆಟೋಮ್ಯಾಟಿಕ್ ಅಪ್‌ಡೇಟ್ ಬಂದ್ ಮಾಡು. ಈ ಕೊನೆಯ ಮಾತನ್ನು ಯಾವ ಕ್ಲಾಸಿನಲ್ಲೂ ಹೇಳಿಕೊಟ್ಟಿರಲಿಲ್ಲ. ಆದರೂ ಭಾಲ್ಕಿ, ಔರಾದ್, ಬೀದರ್ ಎಲ್ಲ ಕಡೆಯ ಅಂಗಡಿಯವರೂ ಕೈ ತಾನಾಗಿ ಹೋದಂತೆ ಅದನ್ನು ಮಾಡುತ್ತಿದ್ದರು.

ನಾನು ಭಾತಂಬ್ರಾದವನು. ಊರ ಕೋಟೆಯ ನೆರಳಲ್ಲಿ ಬೆಳೆದು, ಭಾಲ್ಕಿಯಲ್ಲಿ ಟೈಪಿಂಗ್ ಮತ್ತು ಡಿಟಿಪಿ ಕಲಿತು, 2002ರಲ್ಲಿ ಅಲ್ಲೇ ಸಣ್ಣ ಅಂಗಡಿ ಹಾಕಿದೆ. ಲಗ್ನಪತ್ರಿಕೆ, ಬಿಲ್ ಬುಕ್ಕು, ಅರ್ಜಿ ಟೈಪಿಂಗ್, ಅದರ ಜೊತೆಗೆ ರಿಪೇರಿ. ಇಂಜಿನಿಯರಿಂಗ್ ಓದುವ ಹುಡುಗರು ಈಗ ಅಂಗಡಿಗೆ ಬಂದರೆ, ಒಂದು ಆಪರೇಟಿಂಗ್ ಸಿಸ್ಟಮ್ ಅಪ್‌ಡೇಟಿನಿಂದ ಕಂಪನಿಯ ಕೆಟ್ಟ ಹೆಸರು ಅಳಿಸಿಹೋಗುತ್ತದೆಯೇ ಎಂದು ವಾದ ಹೂಡುತ್ತಾರೆ. ಇಪ್ಪತ್ತು ವರ್ಷದ ಹಿಂದೆ ನಡೆದದ್ದು ಅವರಿಗೆ ಪಾಠ. ನನಗೆ ಅದು ಗಿರಾಕಿಯ ಮುಖ ನೋಡಿಕೊಂಡು ಉತ್ತರ ಕೊಟ್ಟ ಕಾಲ.

ಆಗ ಬಿಡಿಭಾಗಗಳು ಸಿಕಂದರಾಬಾದಿನ ಪಾರ್ಕ್ ಲೇನಿನಿಂದ ಬರುತ್ತಿದ್ದವು. ಚೆನಾಯ್ ಟ್ರೇಡ್ ಸೆಂಟರ್ ಅಂದರೆ ನಮ್ಮ ಕಡೆಯ ಅಂಗಡಿಯವರಿಗೆಲ್ಲ ತವರುಮನೆ. ಮದರ್‌ಬೋರ್ಡು, 128 ಎಂಬಿ ರ‍್ಯಾಮು, 40 ಜಿಬಿ ಹಾರ್ಡ್ ಡಿಸ್ಕು ತಂದು ಇಲ್ಲಿ ಜೋಡಿಸಿ ಕೊಡುವುದು. ವಿಂಡೋಸ್‌ಗೆ ಬೇರೆ ದುಡ್ಡು ಕೊಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ, ಗೊತ್ತಿದ್ದರೂ ಕೊಡುವವರು ಇರಲಿಲ್ಲ. ಸಿಡಿ ಕೈಯಿಂದ ಕೈಗೆ ದಾಟುತ್ತಿತ್ತು. ಹಾಗಿರುವಾಗ ಅಪ್‌ಡೇಟ್ ಅಂದರೆ ಕಂಪನಿ ನಮ್ಮ ಮನೆ ಬಾಗಿಲಿಗೆ ಬಂದು ರಸೀದಿ ಕೇಳಿದ ಹಾಗೆ. ಬಂದ್ ಮಾಡಿಡುವುದಕ್ಕೆ ಈ ಅಂಜಿಕೆಯೊಂದೇ ಸಾಕಿತ್ತು. ಫೋನಿನ ಬಿಲ್ಲು ಬೇರೆ. ಡಯಲ್‌ಅಪ್ಪಿನಲ್ಲಿ ನಿಮಿಷಕ್ಕಿಷ್ಟು ಅಂತ ಮೀಟರ್ ಓಡುವಾಗ ಯಾರಿಗೂ ಕಾಣದ ಫೈಲು ಇಳಿಯಲಿ ಎಂದು ಯಾರು ಬಿಡುತ್ತಾರೆ? ಡಿಟಿಪಿಯವರ ಭಯ ಇನ್ನೊಂದು. ಪೇಜ್‌ಮೇಕರ್, ಕನ್ನಡ-ಮರಾಠಿ ಫಾಂಟು, ಪ್ರಿಂಟರ್ ಪೋರ್ಟಿಗೆ ಸಿಕ್ಕಿಸಿದ ಹಾರ್ಡ್‌ವೇರ್ ಲಾಕು ಇವೆಲ್ಲ ಹೇಗೋ ಹೊಂದಿಕೊಂಡು ನಡೆದಿರುವಾಗ ಯಾವುದನ್ನೂ ಅಲುಗಿಸಬಾರದು ಅನ್ನುವುದೇ ನಿಯಮ.

ಮೈಕ್ರೋಸಾಫ್ಟ್‌ನ ಹೆಸರು ಆಗ ಹೇಗಿತ್ತೆಂದು ಈಗಿನವರಿಗೆ ಹೇಳಿದರೆ ನಂಬುವುದಿಲ್ಲ. 2001ರಲ್ಲಿ ಕೋಡ್ ರೆಡ್, ನಿಮ್ಡಾ ಎಂಬ ಹುಳುಗಳು ಜಗತ್ತಿನ ಸರ್ವರುಗಳನ್ನು ತಿಂದವು. ಅಕ್ಟೋಬರಿನಲ್ಲಿ ಎಕ್ಸ್‌ಪಿ ಬಂತು. ಇದುವರೆಗಿನ ವಿಂಡೋಸ್‌ಗಳಲ್ಲಿ ಇದೇ ಭದ್ರವಾದದ್ದು ಅಂತ ಸಾರಿದ್ದರು. ಡಿಸೆಂಬರಿನಲ್ಲೇ ಅದರಲ್ಲಿ ದೊಡ್ಡ ತೂತು ಸಿಕ್ಕಿತು. 2002ರ ಜನವರಿ 15ರಂದು ಬಿಲ್ ಗೇಟ್ಸ್ ತಮ್ಮ ನೌಕರರಿಗೆಲ್ಲ ಪತ್ರ ಬರೆದು, ಹೊಸ ಸೌಲಭ್ಯ ಸೇರಿಸುವುದೋ ಭದ್ರತೆ ಸರಿಪಡಿಸುವುದೋ ಅಂತ ಬಂದರೆ ಭದ್ರತೆಯನ್ನೇ ಆರಿಸಿಕೊಳ್ಳಿ ಎಂದರು. ಅದರ ಬೆನ್ನಿಗೇ ವಿಂಡೋಸ್ ವಿಭಾಗದ ಸಾವಿರಾರು ಜನ ಹೊಸ ಕೋಡ್ ಬರೆಯುವುದು ನಿಲ್ಲಿಸಿ ಹಳೆಯದನ್ನು ತಡಕಾಡಲು ಕೂತರು. ಇಷ್ಟಾದರೂ 2003ರ ಜನವರಿ 25ರಂದು ಸ್ಲ್ಯಾಮರ್ ಬಂತು. ಬರೀ 376 ಬೈಟಿನ ಹುಳು, ಹತ್ತೇ ನಿಮಿಷದಲ್ಲಿ ಲೋಕ ಸುತ್ತಿತು.

ಭಾಲ್ಕಿಗೆ ಬಂದದ್ದು ಬ್ಲಾಸ್ಟರ್. 2003ರ ಆಗಸ್ಟ್. ಇಂಟರ್‌ನೆಟ್ ಹಚ್ಚಿದ ಸ್ವಲ್ಪ ಹೊತ್ತಿಗೆ ಪರದೆಯ ನಡುವೆ ಒಂದು ಡಬ್ಬಿ ತೆರೆದುಕೊಳ್ಳುತ್ತಿತ್ತು. ಕಂಪ್ಯೂಟರ್ ಬಂದ್ ಆಗಲಿದೆ, ಕೆಲಸ ಉಳಿಸಿಕೊಳ್ಳಿ ಅಂತ ಬರಹ, ಅದರ ಬಗಲಿಗೆ ಅರವತ್ತರಿಂದ ಕೆಳಗಿಳಿಯುವ ಸೆಕೆಂಡು. ಅಷ್ಟರೊಳಗೆ ಸ್ಟಾರ್ಟ್ ಒತ್ತಿ, ರನ್ನಿಗೆ ಹೋಗಿ, ಶಟ್‌ಡೌನ್ ಎಂದು ಬರೆದು, ಒಂದು ಜಾಗ ಬಿಟ್ಟು ಅಡ್ಡಗೆರೆ, ಎ, ಎಂಟರ್. ಎಣಿಕೆ ನಿಲ್ಲುತ್ತಿತ್ತು. ಈ ವಿದ್ಯೆ ಗೊತ್ತಿದ್ದವನು ಆ ತಿಂಗಳು ಊರಿಗೆಲ್ಲ ದೊಡ್ಡ ಡಾಕ್ಟರ್. ಮರುವರ್ಷ ಮೇ ತಿಂಗಳಲ್ಲಿ, ನಡು ಲಗ್ನದ ದಿನಗಳಲ್ಲಿ, ಸ್ಯಾಸರ್ ಅದೇ ಆಟ ಹೂಡಿತು. ಎರಡೂ ನುಗ್ಗಿದ ತೂತಿಗೆ ಅಪ್‌ಡೇಟಿನ ತೇಪೆ ಮೊದಲೇ ಸಿದ್ಧವಿತ್ತು. ಬ್ಲಾಸ್ಟರ್‌ನದು ಜುಲೈ 16ಕ್ಕೇ ಬಿಡುಗಡೆಯಾಗಿತ್ತು, ಸ್ಯಾಸರ್‌ನದು ಏಪ್ರಿಲ್ 13ಕ್ಕೆ. ಅದು ನಮ್ಮ ತನಕ ಬಂದಿರಲಿಲ್ಲ, ಅಷ್ಟೇ.

ವಿಂಡೋಸ್ 98 ಹಾಕಿದ ಹಳೆಯ ಕಂಪ್ಯೂಟರಿಗೆ ಈ ಎರಡೂ ತಟ್ಟಲಿಲ್ಲ. ಊರಿನ ಹಿರಿಯರೊಬ್ಬರು ಮಗನಿಗೆ ಹೊಸ ಸೆಟ್ ಕೊಡಿಸಿದ್ದರು. ಅದನ್ನು ನನ್ನ ಮೇಜಿನ ಮೇಲಿಟ್ಟು, "ಏ ತಮ್ಮಾ, ಇಷ್ಟು ರೊಕ್ಕಾ ಹಾಕಿ ಹೊಸಾದು ತೊಗೊಂಡ್ರ ಕುಂದ್ರೂದ್ರಾಗ ಬಂದ್ ಆಗ್ಲಾಕತ್ತದ. ಹಳೇ ತೊಂಬತ್ತೆಂಟೇ ಚೊಲೋ ಇತ್ತು ನೋಡು" ಅಂದರು. ಹೌದ್ರಿ ಕಾಕಾ ಅಂದೆ. ಇನ್ನೇನು ಹೇಳಲಿ?

ಆಮೇಲೆ 2004ರ ಆಗಸ್ಟಿನಲ್ಲಿ ಸರ್ವಿಸ್ ಪ್ಯಾಕ್ 2 ಬಂತು. ಹೆಸರಿಗೆ ಅಪ್‌ಡೇಟ್, ಸ್ವರೂಪದಲ್ಲಿ ಹೊಸ ವಿಂಡೋಸ್. ಮುಂದಿನ ವಿಂಡೋಸ್ ಕಟ್ಟುತ್ತಿದ್ದ ಇಂಜಿನಿಯರುಗಳನ್ನು ಅಲ್ಲಿಂದ ಎಬ್ಬಿಸಿ ತಂದು ಇದಕ್ಕೆ ಕೂರಿಸಿದ್ದರು. ಆ ಮುಂದಿನ ವಿಂಡೋಸ್, ಅಂದರೆ ವಿಸ್ಟಾ, ಹಿಂದೆ ಬೀಳಲು ಇದೂ ಒಂದು ಕಾರಣ. ಪೂರ್ತಿ ಪ್ಯಾಕು ಸುಮಾರು 270 ಎಂಬಿ. ಡಯಲ್‌ಅಪ್ಪಿನಲ್ಲಿ ಇಳಿಸಲು ಹೊರಟರೆ ಹಗಲು ಮುಗಿದು ರಾತ್ರಿಯಾಗುತ್ತಿತ್ತು, ನಡುವೆ ಕರೆಂಟ್ ಹೋಗದಿದ್ದರೆ. ನನಗೆ ಅದು ಸಿಕ್ಕಿದ್ದು ಕಂಪ್ಯೂಟರ್ ಪತ್ರಿಕೆಯ ಜೊತೆ ಬಂದ ಸಿಡಿಯಲ್ಲಿ.

ಅದರಲ್ಲಿದ್ದ ಮುಖ್ಯ ಬದಲಾವಣೆ ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ಎಕ್ಸ್‌ಪಿಯಲ್ಲಿ ಫೈರ್‌ವಾಲ್ ಮೊದಲ ದಿನದಿಂದಲೂ ಇತ್ತು, ಆದರೆ ಬಂದ್ ಇತ್ತು. ಎಸ್‌ಪಿ2 ಅದನ್ನು ಚಾಲೂ ಮಾಡಿಟ್ಟಿತು. ಬೇಡ ಅನ್ನುವವನು ಹುಡುಕಿ ಬಂದ್ ಮಾಡಬೇಕು. ಇನ್ನೂ ಇದ್ದವು: ಮೆಮೊರಿಯಲ್ಲಿ ಡೇಟಾಕ್ಕೆಂದು ಇಟ್ಟ ಜಾಗದಿಂದ ಕೋಡ್ ಓಡದಂತೆ ತಡೆ, ಪಾಪ್‌ಅಪ್ ಕಿಟಕಿಗೆ ತಡೆ, ಮೇಲ್‌ನಲ್ಲಿ ಬಂದ ಫೈಲಿಗೆ ಎಚ್ಚರಿಕೆ. ಆದರೆ ಆಟ ಬದಲಿಸಿದ್ದು ಆ ಫೈರ್‌ವಾಲಿನ ಸ್ವಿಚ್ಚು. ಪರೀಕ್ಷೆ ಬಂದದ್ದು ಸರಿಯಾಗಿ ಒಂದು ವರ್ಷಕ್ಕೆ. 2005ರ ಆಗಸ್ಟಿನಲ್ಲಿ ಜೋಟೊಬ್ ಎಂಬ ಹುಳು ಅಮೆರಿಕದ ಸಿಎನ್‌ಎನ್, ಎಬಿಸಿಯಂಥ ಸುದ್ದಿಮನೆಗಳನ್ನೇ ಕೆಡವಿತು. ಬಿದ್ದವು ವಿಂಡೋಸ್ 2000ದ ಯಂತ್ರಗಳು. ಎಸ್‌ಪಿ2 ಇದ್ದ ಎಕ್ಸ್‌ಪಿಗೆ ದೂರದಿಂದ ನುಗ್ಗಲು ಅದಕ್ಕೆ ದಾರಿ ಸಿಗಲಿಲ್ಲ. ಅಪ್‌ಡೇಟಿನಿಂದ ಕಂಪನಿಯ ಹೆಸರು ಸುಧಾರಿಸಬಹುದೇ ಅನ್ನುವವರಿಗೆ ನಾನು ಮೊದಲು ಹೇಳುವುದು ಈ ಜೋಟೊಬ್‌ನ ಕತೆಯನ್ನೇ. ಬಲ್ಲವರ ನಡುವೆ ಮೈಕ್ರೋಸಾಫ್ಟ್‌ನ ಲೆಕ್ಕ ತಿರುಗಲು ಶುರುವಾದದ್ದು ಅಲ್ಲಿಂದ.

ಭಾಲ್ಕಿಯಲ್ಲಿ ತಿರುಗಲಿಲ್ಲ. ಎಸ್‌ಪಿ2 ಹಾಕಿದ ಯಂತ್ರದ ಮೂಲೆಯಲ್ಲಿ ಕೆಂಪು ಢಾಲಿನ ಚಿತ್ರ ಕೂರುತ್ತಿತ್ತು. ಆಂಟಿವೈರಸ್ ಇಲ್ಲ, ಅಪ್‌ಡೇಟ್ ಬಂದ್ ಇದೆ, ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ ಅಂತ ಹಳದಿ ಚೀಟಿ ಹಾರಿಸುತ್ತಿತ್ತು. ಕಂಪನಿಯವರು ಭದ್ರತೆಯನ್ನು ಕಣ್ಣಿಗೆ ಕಾಣಿಸಬೇಕೆಂದು ಮಾಡಿದ್ದದು. ಗಿರಾಕಿ ಅದನ್ನು ರೋಗದ ಲಕ್ಷಣವೆಂದು ತಿಳಿದು ಯಂತ್ರವನ್ನು ಹೊತ್ತು ತರುತ್ತಿದ್ದ. "ಅಣ್ಣಾ, ಈ ಕೆಂಪಂದು ತೆಗೀರಿ." ನಾವು ಢಾಲನ್ನು ಮರೆಮಾಡಿ ಕಳಿಸುತ್ತಿದ್ದೆವು. ಅದಕ್ಕೆ ಐವತ್ತು ರೂಪಾಯಿ.

ನಮ್ಮ ಕಡೆ ಭದ್ರತೆಯ ಹೆಸರು ಪುಣೆಯ ಪಾಲಾಯಿತು. ಅಲ್ಲಿನ ಕಾಟ್ಕರ್ ಸಹೋದರರ ಕ್ವಿಕ್ ಹೀಲ್ ಆಂಟಿವೈರಸ್ಸಿನ ಡಬ್ಬಿ ಉದಗೀರ್, ಲಾತೂರ್, ಬೀದರ್ ಎಲ್ಲ ಕಡೆ ಗಾಜಿನ ಕಪಾಟಿನಲ್ಲಿ ನಿಂತಿತು. ಅಸಲಿ ವಿಂಡೋಸ್‌ಗೆ ರೂಪಾಯಿ ಕೊಡದವರು ಆಂಟಿವೈರಸ್‌ಗೆ ವರ್ಷಾವರ್ಷ ಕೊಟ್ಟರು. ಇದರಲ್ಲಿ ಆಶ್ಚರ್ಯವಿಲ್ಲ. ಆಂಟಿವೈರಸ್ಸು ಹಿಡಿದೆ, ಕೊಂದೆ ಅಂತ ಹೇಳುತ್ತದೆ. ಅಪ್‌ಡೇಟ್ ಕೆಲಸ ಮಾಡಿದ ದಿನ ಏನೂ ಆಗುವುದಿಲ್ಲ, ಏನೂ ಆಗದ್ದಕ್ಕೆ ಯಾರಿಗೆ ಥ್ಯಾಂಕ್ಸ್ ಹೇಳುವುದು? ಪೆನ್‌ಡ್ರೈವ್ ಬಂದ ಮೇಲೆ ಇದು ಇನ್ನೂ ಚೆನ್ನಾಗಿ ಕಂಡಿತು. ನ್ಯೂ ಫೋಲ್ಡರ್ ಅನ್ನುವ ಹಳದಿ ಚಿತ್ರ. ಒತ್ತಿದರೆ ಅದು ಫೋಲ್ಡರಲ್ಲ, ಡಾಟ್ ಇಎಕ್ಸ್‌ಇ. ವಿಂಡೋಸ್ ಹೆಸರಿನ ಬಾಲವನ್ನು ಅಡಗಿಸಿಡುತ್ತಿದ್ದುದರಿಂದ ಕಣ್ಣಿಗೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಕಾಲೇಜಿನ ಪ್ರಾಜೆಕ್ಟು, ಪಂಚಾಯಿತಿಯ ಪಟ್ಟಿ, ಲಗ್ನದ ಫೋಟೋ ಎಲ್ಲ ಒಂದೇ ಪೆನ್‌ಡ್ರೈವಿನಲ್ಲಿ ಭಾತಂಬ್ರಾದಿಂದ ಬೀದರಿಗೆ ಹೋಗಿ ಹುಳು ಹೊತ್ತು ವಾಪಸ್ ಬರುತ್ತಿದ್ದವು. ಪೆನ್‌ಡ್ರೈವ್ ಸಿಕ್ಕಿಸಿದೊಡನೆ ಒಳಗಿನದು ತಾನೇ ಓಡುವ ಏರ್ಪಾಡನ್ನು ಮೈಕ್ರೋಸಾಫ್ಟ್ ಎಕ್ಸ್‌ಪಿಯಲ್ಲಿ ಅಪ್‌ಡೇಟಿನ ಮೂಲಕ ಎಲ್ಲರಿಗೂ ನಿಲ್ಲಿಸಿದ್ದು 2011ರ ಫೆಬ್ರವರಿಯಲ್ಲಿ. ಎಕ್ಸ್‌ಪಿ ಹುಟ್ಟಿ ಆಗಲೇ ಹತ್ತನೇ ವರ್ಷ! ತಡವಾದರೂ ಒಳ್ಳೆಯ ಕೆಲಸವೇ. ಅಪ್‌ಡೇಟ್ ಬಂದ್ ಇದ್ದವರಿಗೆ ಅದೂ ಮುಟ್ಟಲಿಲ್ಲ.

ಕಂಪನಿಯೂ ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡಿತು. 2006ರಲ್ಲಿ ನಕಲಿ ವಿಂಡೋಸ್ ಪತ್ತೆಮಾಡುವ ಪ್ರೋಗ್ರಾಮನ್ನು ಭದ್ರತೆಯ ತೇಪೆಗಳು ಬರುವ ಅದೇ ದಾರಿಯಲ್ಲಿ, ಅತಿ ಮುಖ್ಯ ಅಪ್‌ಡೇಟ್ ಎಂಬ ಚೀಟಿ ಅಂಟಿಸಿ ಕಳಿಸಿತು. ಬೆಳಗ್ಗೆ ಯಂತ್ರ ತೆರೆದರೆ ಇದು ಅಸಲಿಯಲ್ಲ ಅನ್ನುವ ನಕ್ಷತ್ರ. ಅಮೆರಿಕದಲ್ಲಿ ಕೋರ್ಟಿಗೂ ಹೋದರು. ನಕಲಿ ಬಳಸುವುದು ಸರಿ ಅಂತ ನಾನು ಹೇಳುವುದಿಲ್ಲ. ಆದರೆ ಔಷಧಿ ಬರುವ ದಾರಿಯಲ್ಲಿ ವಸೂಲಿಯವನನ್ನು ಕಳಿಸಿದರೆ ಜನ ಬಾಗಿಲನ್ನೇ ಹಾಕಿಕೊಳ್ಳುತ್ತಾರೆ. ನಕಲಿ ಯಂತ್ರಗಳಿಗೂ ಭದ್ರತೆಯ ತೇಪೆ ಸಿಗುತ್ತಿತ್ತೆಂದು ನಮ್ಮ ಊರಲ್ಲಿ ಯಾರೂ ನಂಬಲಿಲ್ಲ.

ಅದೇ ಕಾಲಕ್ಕೆ ಅದೇ ಕಂಪನಿಯ ವಿಂಡೋಸ್ ಮೇಲೆ ಕೂತ ಇನ್ನೊಂದು ವ್ಯವಸ್ಥೆ ನಮ್ಮ ತಾಲೂಕು ಕಚೇರಿಯಲ್ಲೇ ಹೆಸರು ಗಳಿಸುತ್ತಿತ್ತು. ಅದು ಭೂಮಿ. ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ ಕಂದಾಯ ಇಲಾಖೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹತ್ತಿಸಿತು. ಅದಕ್ಕೆ ಮೊದಲು ಪಹಣಿ ಬೇಕೆಂದರೆ ಗ್ರಾಮ ಲೆಕ್ಕಿಗರು ಸಿಗಬೇಕು, ಸಿಕ್ಕರೆ ಅವರ ಮನಸ್ಸು ಬರಬೇಕು. ಭೂಮಿಯಲ್ಲಿ ಆಗ 15 ರೂಪಾಯಿ ಕೊಟ್ಟರೆ ಪ್ರಿಂಟು ಸಿಗುತ್ತಿತ್ತು. ಒಳಗೆ ಕೂತ ನೌಕರ ಬೆರಳಚ್ಚು ಒತ್ತಿಯೇ ಕಂಪ್ಯೂಟರ್ ತೆರೆಯಬೇಕು, ನಾಳೆ ನಾನಲ್ಲ ಅನ್ನುವ ಹಾಗಿಲ್ಲ. ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಎರಡನೆಯ ಪರದೆ. ಕಿಟಕಿಯಲ್ಲಿ ರೈತನ ಕಡೆ ಮುಖಮಾಡಿ ಇನ್ನೊಂದು ಮಾನಿಟರ್ ಇಡುವ ಏರ್ಪಾಡು ಅದರಲ್ಲಿತ್ತು. ನೌಕರ ಏನು ಹೊಡೆಯುತ್ತಾನೋ ಅದು ರೈತನಿಗೂ ಕಾಣಬೇಕು. ಅದರ ತಳದಲ್ಲಿ ಯಾವ ವಿಂಡೋಸ್ ಇದೆ, ಯಾವ ತೇಪೆ ಬಿದ್ದಿದೆ ಅಂತ ಯಾರೂ ಕೇಳಲಿಲ್ಲ. ನಂಬಿಕೆ ಹುಟ್ಟಿದ್ದು ಸರ್ವೇ ನಂಬರು ಮತ್ತು ತಂದೆಯ ಹೆಸರು ತಮ್ಮ ಕಣ್ಣೆದುರೇ ಸರಿಯಾಗಿ ಮೂಡಿದ್ದರಿಂದ. ಕೆಂಪು ಢಾಲಿಗೆ ಆಗದ ಕೆಲಸ ಆ ಮಾನಿಟರಿಗೆ ಆಯಿತು.

ಮತ್ತೆ ಹುಳುಗಳ ಕತೆಗೆ ಬರೋಣ. 2017ರ ಮೇ 12. ವಾನಾಕ್ರೈ ಎಂಬ ಹುಳು. ನಮ್ಮ ನೆರೆಯ ಆಂಧ್ರದ ಪೊಲೀಸ್ ಠಾಣೆಗಳ ಕಂಪ್ಯೂಟರುಗಳು, ಕೇರಳದ ಪಂಚಾಯಿತಿ ಕಚೇರಿಗಳ ಕಂಪ್ಯೂಟರುಗಳು ಬೀಗ ಬಿದ್ದು ನಿಂತವು. ತೆರೆಯಲು ಬಿಟ್‌ಕಾಯಿನ್ ಕೇಳಿದವು. ಅದು ನುಗ್ಗಿದ ತೂತಿಗೆ ತೇಪೆ ಮಾರ್ಚ್ 14ಕ್ಕೇ ಬಂದಿತ್ತು. ಇಲ್ಲಿ ಒಂದು ವಿಷಯ ಗಮನಿಸಿ. 2003ರಲ್ಲಿ ಬ್ಲಾಸ್ಟರ್ ಬಂದಾಗಲೂ ತೇಪೆ ಮೊದಲೇ ಇತ್ತು, ಆದರೆ ಬೈಗುಳ ತಿಂದವರು ಬಿಲ್ ಗೇಟ್ಸ್; ಹುಳುವಿನ ಒಳಗೇ ಅವರನ್ನು ಹಂಗಿಸುವ ಮಾತು ಅಡಗಿತ್ತು. 2017ರಲ್ಲಿ ಎಲ್ಲರೂ ಕೇಳಿದ್ದು, ಅಪ್‌ಡೇಟ್ ಯಾಕೆ ಹಾಕಿಕೊಳ್ಳಲಿಲ್ಲ ಅಂತ. ಉಳಿದ ಬೈಗುಳ ಆ ತೂತನ್ನು ಗುಟ್ಟಾಗಿ ಇಟ್ಟುಕೊಂಡಿದ್ದ ಅಮೆರಿಕದ ಗೂಢಚಾರ ಸಂಸ್ಥೆಗೆ ಹೋಯಿತು. ಎಕ್ಸ್‌ಪಿಗೆ ಬೆಂಬಲ ನಿಂತು ಮೂರು ವರ್ಷವಾಗಿದ್ದರೂ ಮೈಕ್ರೋಸಾಫ್ಟ್ ಅದಕ್ಕೂ ತೇಪೆ ಕೊಟ್ಟು ಮೆಚ್ಚುಗೆ ಪಡೆಯಿತು. ಮರುವರ್ಷ ಜೂನಿನಲ್ಲಿ ರಿಸರ್ವ್ ಬ್ಯಾಂಕು ಎಟಿಎಂಗಳಿಂದ ಎಕ್ಸ್‌ಪಿ ತೆಗೆಯಿರಿ ಅಂತ ಬ್ಯಾಂಕುಗಳಿಗೆ 2019ರ ಜೂನಿನ ಗಡುವು ಕೊಟ್ಟಿತು. ಅಂದರೆ ಹದಿನೈದು ವರ್ಷದ ಅಪ್‌ಡೇಟುಗಳು ಕಂಪನಿಗೆ ಗಳಿಸಿಕೊಟ್ಟದ್ದು ಒಂದು ದೊಡ್ಡ ಲಾಭ: ತಪ್ಪಿನ ಹೊರೆ ಮಾಡಿದವನ ತಲೆಯಿಂದ ಇಳಿದು, ಹಾಕಿಕೊಳ್ಳದವನ ತಲೆಗೆ ಬಂತು. ನಮ್ಮಂಥ ಅಂಗಡಿಯವರ ತಲೆಗೆ ಅಂತಲೂ ಹೇಳಬಹುದು.

ಆದರೆ ಆ ಲಾಭ ಕರಗದ್ದಲ್ಲ. 2023ರಲ್ಲಿ ಚೀನಾದ ಗುಂಪೊಂದು ಮೈಕ್ರೋಸಾಫ್ಟ್‌ನದೇ ಕೀಲಿ ಕದ್ದು ಅಮೆರಿಕ ಸರ್ಕಾರದ ಮೇಲ್‌ಗಳನ್ನು ಓದಿತು. ತೂತು ಇದ್ದದ್ದು ಕಂಪನಿಯ ಕ್ಲೌಡಿನಲ್ಲಿ. ಅಲ್ಲಿ ನಮ್ಮ ನಿಮ್ಮ ಅಪ್‌ಡೇಟಿನ ಪ್ರಶ್ನೆಯೇ ಇಲ್ಲ. 2024ರ ಏಪ್ರಿಲಿನಲ್ಲಿ ಅಮೆರಿಕದ ಸರ್ಕಾರಿ ಪರಿಶೀಲನಾ ಮಂಡಳಿ ಇದು ತಡೆಯಬಹುದಾಗಿದ್ದ ದುರಂತ, ಕಂಪನಿಯ ಭದ್ರತಾ ಸಂಸ್ಕೃತಿಯೇ ಸಾಲದು ಅಂತ ಬರೆಯಿತು. ಮುಂದಿನ ತಿಂಗಳು ಕಂಪನಿಯ ಮುಖ್ಯಸ್ಥ ಸತ್ಯ ನಾದೆಲ್ಲ ನೌಕರರಿಗೆ ಬರೆದ ಪತ್ರ ಹೆಚ್ಚುಕಡಿಮೆ 2002ರ ಗೇಟ್ಸ್ ಪತ್ರವೇ. ಜುಲೈ 19ಕ್ಕೆ ಕ್ರೌಡ್‌ಸ್ಟ್ರೈಕ್ ಎಂಬ ಬೇರೆ ಕಂಪನಿಯ ಕೆಟ್ಟ ಅಪ್‌ಡೇಟ್ 85 ಲಕ್ಷ ವಿಂಡೋಸ್ ಯಂತ್ರಗಳನ್ನು ಮಲಗಿಸಿತು. ಹೈದರಾಬಾದ್ ವಿಮಾನ ನಿಲ್ದಾಣದಲ್ಲಿ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ಟರು. ಟಿವಿ ನೋಡಿದ ನಮ್ಮ ಜನ ಬೈದದ್ದು ಮೈಕ್ರೋಸಾಫ್ಟನ್ನೇ.

ಹುಡುಗರ ವಾದಕ್ಕೆ ನನ್ನ ತೀರ್ಪು ಇದು: ಎಸ್‌ಪಿ2ರಂಥ ಒಂದು ಅಪ್‌ಡೇಟ್ ಕಂಪನಿಯ ಹೆಸರನ್ನು ಮೇಲೆತ್ತಬಲ್ಲದು, ಎತ್ತಿದೆ. ಆದರೆ ಅದು ಮುಟ್ಟಿದ ಯಂತ್ರಗಳ ಮಟ್ಟಿಗೆ ಮಾತ್ರ, ಮುಂದಿನ ತೂತು ಕಾಣುವ ತನಕ ಮಾತ್ರ.

ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮನೆಬಳಕೆಯವರು ಹೆಸರು ನೋಂದಾಯಿಸಿದರೆ 2026ರ ಅಕ್ಟೋಬರ್ 13ರ ತನಕ ತೇಪೆ ಸಿಗುತ್ತದೆ. ಭಾಲ್ಕಿ, ಔರಾದ್ ಕಡೆ ಇನ್ನೂ ಬಹಳ ಯಂತ್ರಗಳು ಅದರ ಮೇಲೇ ನಡೆದಿವೆ. ಸೆಟ್ಟಿಂಗ್ಸ್ ತೆರೆದು, ಅಪ್‌ಡೇಟ್ ಅನ್ನುವಲ್ಲಿ ಒಮ್ಮೆ ನೋಡಿ. ಯಾರೋ ಅಂಗಡಿಯವರು ಬಂದ್ ಮಾಡಿಟ್ಟಿದ್ದರೆ ಚಾಲೂ ಮಾಡಿಕೊಳ್ಳಿ. ಅದಕ್ಕೆ ನಾನು ದುಡ್ಡು ತೊಗೊಳ್ಳುವುದಿಲ್ಲ.