ಕಿರೀಟ ನೋಡಿ, ಪೀಠ ಓದಿ

ನಮ್ಮೂರ ಕಡೆ ಹೊಲ ಉಳುವಾಗ ಹಳೇ ವಿಗ್ರಹ ಸಿಕ್ಕಿದರೆ "ಪಾಂಡವರ ಕಾಲದ್ದು" ಅಂದುಬಿಡ್ತಾರೆ, ಮುಗೀತು. ಮೈಸೂರಿನ ನಮ್ಮ ಆಫೀಸಿನ ಗೆಳೆಯರೂ ಅಷ್ಟೇ ಬೇಗ ತೀರ್ಪು ಕೊಡ್ತಾರೆ: ಅರೆಗಣ್ಣು ಮುಚ್ಚಿ ಕೂತಿದ್ದರೆ ಬುದ್ಧ, ಮೂರು ಮುಖ ಕಂಡರೆ ಬ್ರಹ್ಮ.

ಹಾಗಾದರೆ ಮಂಗಳೂರಿನ ಕದ್ರಿ ಮಂಜುನಾಥ ದೇವಸ್ಥಾನದಲ್ಲಿರುವ ಕಂಚಿನ ಮೂರ್ತಿ ಯಾರು? ಸುಮಾರು ಐದಡಿ ಎತ್ತರ, ಮೂರು ಮುಖ, ಆರು ಕೈ, ಪದ್ಮಾಸನ. ಬ್ರಹ್ಮ ಅಲ್ಲ. ಬುದ್ಧನೂ ಅಲ್ಲ.

ಬೌದ್ಧ ಮೂರ್ತಿಗಳನ್ನು ಗುರುತಿಸುವಾಗ ಮುಖ ಹೆಚ್ಚೇನೂ ಹೇಳುವುದಿಲ್ಲ, ಎಲ್ಲರದ್ದೂ ಒಂದೇ ಶಾಂತ ಮುಖ. ಬುದ್ಧನಾದರೆ ಸನ್ಯಾಸಿ, ಮೈಮೇಲೆ ಚೀವರ ಬಿಟ್ಟು ಒಡವೆ ಇರೋದು ಅಪರೂಪ. ಒಡವೆ, ಕಿರೀಟ ತೊಟ್ಟವರು ಸಾಮಾನ್ಯವಾಗಿ ಬೋಧಿಸತ್ವರು. ಅವರಲ್ಲಿ ಯಾರು ಅಂತ ತಿಳಿಯೋಕೆ ತಲೆ ಮತ್ತು ಕೈ ನೋಡಬೇಕು. ಕತ್ತಿ, ಪುಸ್ತಕ ಇದ್ದರೆ ಮಂಜುಶ್ರೀ. ಮುಡಿಯಲ್ಲಿ ಪುಟ್ಟ ಸ್ತೂಪ ಇದ್ದರೆ ಮೈತ್ರೇಯ. ಧ್ಯಾನಕ್ಕೆ ಕೂತ ಪುಟ್ಟ ಬುದ್ಧ ಇದ್ದರೆ ಅವಲೋಕಿತೇಶ್ವರ, ಅಂದರೆ ಲೋಕೇಶ್ವರ. ಕದ್ರಿಯ ಮೂರ್ತಿಯ ಮುಡಿಯಲ್ಲಿರೋದು ಇದೇ ಪುಟ್ಟ ಬುದ್ಧ.

ಇದು ಊಹೆ ಅನ್ನುವವರಿಗೆ ಪೀಠದ ಮೇಲೆ ಸಂಸ್ಕೃತ ಶಾಸನವೇ ಇದೆ. ಆಳುಪ ದೊರೆ ಕುಂದವರ್ಮ "ಕದಿರಿಕಾ" ವಿಹಾರದಲ್ಲಿ ಲೋಕೇಶ್ವರನನ್ನು ಪ್ರತಿಷ್ಠಾಪಿಸಿದ ಅಂತ ಅದು ಹೇಳುತ್ತೆ. ಕಲಿಯುಗದ 4068 ವರ್ಷ ಕಳೆದಿತ್ತಂತೆ. ಲೆಕ್ಕ ಹಾಕಿದರೆ ಕ್ರಿ.ಶ. 968. ವಿಗ್ರಹದ ಹೆಸರು, ಮಾಡಿಸಿದವರು, ಜಾಗ, ಇಸವಿ ಎಲ್ಲಾ ಒಂದೇ ಕಡೆ. ಹಳೇ ಕಂಚಿನ ವಿಗ್ರಹಗಳಲ್ಲಿ ಇಂಥ ಭಾಗ್ಯ ಎಲ್ಲಕ್ಕೂ ಇರೋದಿಲ್ಲ.

ಇಷ್ಟಾದರೆ "ನೋಡಿ, ಇದು ಬೌದ್ಧರದ್ದು" ಅಂತ ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಅದೇ ಶಾಸನ ಕುಂದವರ್ಮನನ್ನು ಶಿವನ ಪಾದಕಮಲದ ದುಂಬಿ ಅಂತ ಹೊಗಳುತ್ತೆ! ಶಿವಭಕ್ತ ರಾಜ, ಬೌದ್ಧ ಬೋಧಿಸತ್ವನ ಮೂರ್ತಿ. ಲೋಕೇಶ್ವರನಲ್ಲಿ ಅವನು ಶಿವನನ್ನೇ ಕಂಡನಾ? ವಿದ್ವಾಂಸರು ಇದರ ಬಗ್ಗೆ ಇನ್ನೂ ಜಗ್ಗಾಡ್ತಾರೆ. ಮುಂದೆ ಕದ್ರಿ ನಾಥಪಂಥದವರ ನೆಲೆಯೂ ಆಯ್ತು, ಪಕ್ಕದ ಗುಡ್ಡದ ಮೇಲೆ ಜೋಗಿ ಮಠ ಇವತ್ತಿಗೂ ಇದೆ. ಲೋಕೇಶ್ವರ ಮಾತ್ರ ಮ್ಯೂಸಿಯಮ್ಮಿಗೆ ಹೋಗದೆ ದೇವಸ್ಥಾನದಲ್ಲೇ ಉಳಿದ.

ಈಗ ಯಾವ ಹಳೇ ಗುಡಿಯ ಮಾತು ಬಂದರೂ ವಾಟ್ಸಾಪ್ ಗುಂಪಿನಲ್ಲಿ ಮೊದಲ ಪ್ರಶ್ನೆ, "ಮೊದಲು ಯಾರದ್ದಾಗಿತ್ತು?" ಮೂರ್ತಿ ಯಾರದು ಅನ್ನೋದಕ್ಕೆ ಕಿರೀಟ ಖಚಿತ ಉತ್ತರ ಕೊಡುತ್ತೆ. ಆದರೆ ಅದನ್ನು ಮಾಡಿಸಿದವನನ್ನು ಒಂದೇ ಖಾನೆಗೆ ತುರುಕೋಕೆ ಪೀಠ ಬಿಡೋದಿಲ್ಲ. ಎರಡನ್ನೂ ಓದಿದವರು ಮಾತ್ರ ಜಗಳಕ್ಕೆ ಬರಲಿ ಅನ್ನೋದು ನನ್ನ ಷರತ್ತು.