ಕಂಪವಾತದ ಕವಲುಗಳು

ಮುಪ್ಪಿನಲ್ಲಿ ಕೈ ನಡುಗಿದರೆ, ನಡಿಗೆ ನಿಧಾನವಾದರೆ, ಅದನ್ನು ವಯೋಧರ್ಮವೆಂದು ಸುಮ್ಮನಾಗುವವರೇ ಹೆಚ್ಚು. ರಾಣೆಬೆನ್ನೂರು ತಾಲ್ಲೂಕಿನ ಕುಪ್ಪೇಲೂರಿನಂಥ ಹಳ್ಳಿಯಲ್ಲಿ ‘ವಾತ’ ಎಂಬ ಒಂದೇ ಮಾತಿನಲ್ಲಿ ಇಂಥ ಬೇನೆಗಳೆಲ್ಲ ಅಡಗಿಬಿಡುವುದುಂಟು. ಇದಕ್ಕಾಗಿ ಹಳ್ಳಿಗರನ್ನು ಹಳಿಯಬೇಕಾಗಿಲ್ಲ. ವೈದ್ಯಶಾಸ್ತ್ರವೂ ಬಹುಕಾಲ ಒಂದೇ ಹೆಸರನ್ನು ನೆಚ್ಚಿಕೊಂಡಿತ್ತು.

ಆಯುರ್ವೇದವು ‘ಕಂಪವಾತ’ಕ್ಕೆ ನಸುಗುನ್ನಿಯ ಬೀಜವನ್ನು ಬಳಸಿತು. 1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಆರು ಮಂದಿ ರೋಗಿಗಳನ್ನು ವರ್ಣಿಸಿ ಒಂದು ಪ್ರಬಂಧ ಬರೆದರು. ಅವರಲ್ಲಿ ಕೆಲವರನ್ನು ಅವರು ಬೀದಿಯಲ್ಲಿ ಕಂಡಿದ್ದರಷ್ಟೆ. 1937ರಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ನಮ್ಮ ದೇಶದ ವಿಜ್ಞಾನಿಗಳು ಅದೇ ನಸುಗುನ್ನಿಯಿಂದ ಲೆವೊಡೋಪಾ ಎಂಬ ದ್ರವ್ಯವನ್ನು ಬೇರ್ಪಡಿಸಿದರು. 1967ರಲ್ಲಿ ಅಮೆರಿಕೆಯ ಬ್ರೂಕ್‌ಹೇವನ್ ಪ್ರಯೋಗಶಾಲೆಯ ಜಾರ್ಜ್ ಕೋಟ್ಜಿಯಾಸ್ ಅದರಿಂದಲೇ ಪಾರ್ಕಿನ್ಸನ್ ರೋಗಿಗಳನ್ನು ಎಬ್ಬಿಸಿ ನಡೆಸಿದರು.

ಆದರೆ ಮದ್ದು ಒಂದಾದರೂ ಫಲ ಒಂದಾಗಲಿಲ್ಲ. ಕೆಲವರು ಚೇತರಿಸಿಕೊಂಡರು, ಕೆಲವರಲ್ಲಿ ಗುಣವೇ ಕಾಣಲಿಲ್ಲ. ಕಾರಣವೇನು? ಪಾರ್ಕಿನ್ಸನ್ ರೋಗದ ವೇಷದಲ್ಲಿ ಬೇರೆ ರೋಗಗಳೂ ಇದ್ದುವು. ದೃಷ್ಟಿ ಕೆಳಗಿಳಿಯದೆ, ಮೇಲಿಂದ ಮೇಲೆ ಬೀಳಿಸುವ ‘ಸುಪ್ರಾನ್ಯೂಕ್ಲಿಯರ್ ಪಾಲ್ಸಿ’ಯನ್ನು 1964ರಲ್ಲಿ ಟೊರೊಂಟೋದ ವೈದ್ಯರು ಬೇರ್ಪಡಿಸಿದರು. ಒಂದೇ ಕೈಯನ್ನು ಮೊದಲು ಹಿಡಿಯುವ ‘ಕಾರ್ಟಿಕೋಬೇಸಲ್’ ಕ್ಷಯವು 1968ರಲ್ಲಿಯೂ, ಎದ್ದು ನಿಂತೊಡನೆ ರಕ್ತದ ಒತ್ತಡ ಕುಸಿಯಬಲ್ಲ ‘ಮಲ್ಟಿಪಲ್ ಸಿಸ್ಟಮ್ ಅಟ್ರೋಫಿ’ ಎಂಬ ಹೆಸರು 1969ರಲ್ಲಿಯೂ ಶಾಸ್ತ್ರಕ್ಕೆ ಸೇರಿದುವು. ಆದರೆ ಆರಂಭದಲ್ಲಿ ನಾಲ್ಕರ ಮುಖವೂ ಒಂದೇ. ಖಚಿತವಾದ ತೀರ್ಪು ದೊರೆಯುತ್ತಿದ್ದುದು ಮರಣಾನಂತರ, ಸೂಕ್ಷ್ಮದರ್ಶಕದ ಕೆಳಗೆ!

ಜೀವಂತ ಮಿದುಳನ್ನು ನೋಡುವ ದಾರಿಯೂ ಬ್ರೂಕ್‌ಹೇವನ್ನಿನಿಂದಲೇ ಬಂದಿತು. ಮಿದುಳಿನ ಮುಖ್ಯ ಆಹಾರ ಗ್ಲೂಕೋಸ್. ಅದನ್ನೇ ಹೋಲುವ, ಕಿರಣ ಸೂಸುವ ಫ್ಲೋರಿನ್ ಬೆರೆತ ಸಕ್ಕರೆಯನ್ನು 1976ರಲ್ಲಿ ಅಲ್ಲಿ ತಯಾರಿಸಿ, ಫಿಲಡೆಲ್ಫಿಯಾದಲ್ಲಿ ಮೊದಲು ಮನುಷ್ಯರಿಗೆ ಕೊಟ್ಟರು. ಜೀವಕೋಶವು ಅದನ್ನು ಒಳಗೆ ಸೆಳೆದುಕೊಳ್ಳುತ್ತದೆ, ಪೂರ್ತಿ ಅರಗಿಸಿಕೊಳ್ಳಲಾರದು. ಹೀಗಾಗಿ ದುಡಿಯುವ ಭಾಗ ಪೆಟ್ ಯಂತ್ರದ ಚಿತ್ರದಲ್ಲಿ ಬೆಳಗುತ್ತದೆ, ಸೊರಗಿದ ಭಾಗ ಮಸುಕಾಗುತ್ತದೆ. ಸುಪ್ರಾನ್ಯೂಕ್ಲಿಯರ್ ಪಾಲ್ಸಿಯಲ್ಲಿ ನಡುಮಿದುಳು ಮತ್ತು ಹಣೆಯ ಹಿಂದಿನ ಭಾಗ, ಅಟ್ರೋಫಿಯಲ್ಲಿ ಕಿರುಮಿದುಳು ಮತ್ತು ಪ್ಯುಟಮೆನ್ ಎಂಬ ಒಳಭಾಗ, ಕಾರ್ಟಿಕೋಬೇಸಲ್ ಕ್ಷಯದಲ್ಲಿ ಕೆಟ್ಟ ಕೈಗೆ ಎದುರು ಬದಿಯ ಮಿದುಳು ಮಸುಕಾಗುವುದು ಸಾಮಾನ್ಯ. ನಿಜವಾದ ಪಾರ್ಕಿನ್ಸನ್ ರೋಗದಲ್ಲಿ ಪ್ಯುಟಮೆನ್ ಮಸುಕಾಗುವುದಿಲ್ಲ. 2010ರಲ್ಲಿ ನ್ಯೂಯಾರ್ಕಿನ ಸಂಶೋಧಕರು 167 ರೋಗಿಗಳ ಚಿತ್ರಗಳನ್ನು ಗಣಕಯಂತ್ರದಿಂದ ವಿಂಗಡಿಸಿದಾಗ, ಆ ವಿಂಗಡಣೆ ತಜ್ಞರು ಮುಂದೆ ಕೊಟ್ಟ ತೀರ್ಪಿಗೆ ಬಹುಮಟ್ಟಿಗೆ ಹೊಂದಿತು.

ನಮ್ಮಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇಂಥ ಯಂತ್ರವಿದೆ; ಮಿದುಳಿನ ಅಂತಿಮ ಸಾಕ್ಷ್ಯವನ್ನು ಕಾದಿಡುವ ಭಂಡಾರವೂ ಅಲ್ಲಿ 1995ರಿಂದ ಇದೆ. ಆದರೆ ಈ ಸಕ್ಕರೆಯ ಕಿರಣಶಕ್ತಿ 110 ನಿಮಿಷಕ್ಕೆ ಅರ್ಧವಾಗುತ್ತದೆ. ಐದು ಗಂಟೆ ಕಳೆದು ರಾಣೆಬೆನ್ನೂರು ಮುಟ್ಟುವ ಹೊತ್ತಿಗೆ ಏಳರಲ್ಲಿ ಒಂದು ಪಾಲು ಉಳಿದೀತು. ಆದುದರಿಂದಲೇ ಈ ಪರೀಕ್ಷೆ ದೊಡ್ಡ ನಗರಗಳ ಸುತ್ತ ನಿಂತಿದೆ. ಕುಪ್ಪೇಲೂರಿನ ರೋಗಿಯೇ ಅದನ್ನು ಅರಸಿ ಹೋಗಬೇಕು.

ಬುಡಸಹಿತ ಗುಣವಾಗದ ರೋಗಕ್ಕೆ ಇಷ್ಟು ಸೂಕ್ಷ್ಮ ಪರೀಕ್ಷೆ ಏತಕ್ಕೆ ಎಂದು ಕೇಳಬಹುದು. ಹೆಸರು ಸರಿಯಾದರೆ ನಾಟದ ಮದ್ದಿಗೆ ಹಣ ಸುರಿಯುವುದು ತಪ್ಪುತ್ತದೆ. ಬೀಳದಂತೆ, ಉಣ್ಣುವಾಗ ಗಂಟಲಿಗೆ ಸಿಕ್ಕದಂತೆ ಮನೆಯವರು ಮೊದಲೇ ಎಚ್ಚರ ವಹಿಸಬಹುದು. ಚಿತ್ರವೊಂದೇ ತೀರ್ಪು ಕೊಡಲಾರದು. ನಡಿಗೆಯನ್ನೂ ಕಣ್ಣನ್ನೂ ಗಮನಿಸುವ ವೈದ್ಯರ ನೋಟ ಇಂದಿಗೂ ಮೊದಲನೆಯದು. ಬೀದಿಯಲ್ಲಿ ನಡೆದು ಹೋಗುವವರನ್ನು ನೋಡಿ ಪಾರ್ಕಿನ್ಸನ್ ಕಲಿತದ್ದೂ ಅದನ್ನೇ.