ಸುಡುವ ಸರದಿ: ಕ್ಯಾನ್ಸಸ್‌ನ ಟಾಲ್‌ಗ್ರಾಸ್ ಪ್ರೇರಿ ಮೀಸಲಿನಲ್ಲಿ ಬೆಂಕಿ, ಮೇವು ಮತ್ತು ಒಡೆತನ

ಉತ್ತರ ಅಮೆರಿಕದ ನಡುನಾಡಿನಲ್ಲಿ ಒಂದು ಕಾಲಕ್ಕೆ ಸುಮಾರು 17 ಕೋಟಿ ಎಕರೆ ಎತ್ತರದ ಹುಲ್ಲಿನ ಪ್ರೇರಿ ಹರಡಿತ್ತು. ಇಂದು ಅದರಲ್ಲಿ ನೂರಕ್ಕೆ ನಾಲ್ಕು ಪಾಲೂ ಉಳಿದಿಲ್ಲ. ಉಳಿದುದರ ಬಹುಭಾಗ ಕ್ಯಾನ್ಸಸ್ ರಾಜ್ಯದ ಪೂರ್ವದಲ್ಲಿರುವ ಫ್ಲಿಂಟ್ ಹಿಲ್ಸ್ ಗುಡ್ಡಸಾಲಿನಲ್ಲಿದೆ. ಆ ಸಾಲಿನ ಚೇಸ್ ಕೌಂಟಿಯಲ್ಲಿ 1996ರಲ್ಲಿ ರೂಪುಗೊಂಡ ಟಾಲ್‌ಗ್ರಾಸ್ ಪ್ರೇರಿ ರಾಷ್ಟ್ರೀಯ ಮೀಸಲಿನ ವಿಸ್ತಾರ ಸುಮಾರು 10,900 ಎಕರೆ. ಅಮೆರಿಕದ ಮೊದಲ ರಾಷ್ಟ್ರೀಯ ಉದ್ಯಾನವಾದ ಯೆಲ್ಲೋಸ್ಟೋನ್ 1872ರಷ್ಟು ಹಿಂದೆಯೇ ಹುಟ್ಟಿತು. ಅದಾದ ಮೇಲೆ ಹುಲ್ಲಿನ ಸರದಿ ಬರಲು 124 ವರ್ಷ ಬೇಕಾಯಿತು. ಬಿಸಿನೀರಿನ ಚಿಲುಮೆ, ಹಿಮಶಿಖರ, ಕಮರಿಗಳನ್ನು ಕಾಪಾಡಲು ಕಲಿತಿದ್ದ ವ್ಯವಸ್ಥೆಗೆ ಕಣ್ಣು ನಿಲ್ಲಿಸುವ ಶಿಖರವೇ ಇಲ್ಲದ ಬಯಲು ರಕ್ಷಣೆಗೆ ಅರ್ಹವಾಗಿ ಕಂಡಿರಲಿಲ್ಲ.

ಈ ಮೀಸಲನ್ನು ಅರ್ಥಮಾಡಿಕೊಳ್ಳಲು ಕೇಳಬೇಕಾದ ಮುಖ್ಯ ಪ್ರಶ್ನೆ ಅದರ ಬೇಲಿ ಎಲ್ಲಿದೆ ಎಂಬುದಲ್ಲ; ಯಾವ ತುಂಡು ಎಷ್ಟು ವರ್ಷಕ್ಕೊಮ್ಮೆ ಸುಡುತ್ತದೆ, ಆ ಸರದಿಯನ್ನು ಗೊತ್ತುಮಾಡುವವರು ಯಾರು ಎಂಬುದು. ಮೊದಲನೆಯದಕ್ಕೆ ಪರಿಸರವಿಜ್ಞಾನ ಸಾಕಷ್ಟು ಖಚಿತವಾದ ಉತ್ತರ ಕೊಟ್ಟಿದೆ. ಎರಡನೆಯದಕ್ಕೆ ಉತ್ತರ ಸಿಗುವುದು ನೆಲದ ಒಡೆತನದ ಚರಿತ್ರೆಯಲ್ಲಿ. ಇವೆರಡನ್ನೂ ಬೇರೆ ಬೇರೆ ಅಧ್ಯಾಯಗಳಾಗಿ ಬರೆಯುವ ರೂಢಿ ಈ ಮೀಸಲಿನ ಮಟ್ಟಿಗೆ ದಾರಿ ತಪ್ಪಿಸುತ್ತದೆ ಎಂಬುದು ನನ್ನ ವಾದ.

ಕಲ್ಲು ಉಳಿಸಿದ ಹುಲ್ಲು

ಪ್ರೇರಿಯ ಮಣ್ಣು ಫಲವತ್ತಾಗಿದ್ದುದೇ ಅದಕ್ಕೆ ಮುಳುವಾಯಿತು. ಬಿಗ್ ಬ್ಲೂಸ್ಟೆಮ್, ಇಂಡಿಯನ್‌ಗ್ರಾಸ್, ಸ್ವಿಚ್‌ಗ್ರಾಸ್ ಮುಂತಾದ ಬಹುವಾರ್ಷಿಕ ಹುಲ್ಲುಗಳು ಒಳ್ಳೆಯ ವರ್ಷದಲ್ಲಿ ಆಳೆತ್ತರ ಮೀರಿ ಬೆಳೆಯುತ್ತವೆ. ಬೇರುಗಳು ನೆಲದೊಳಗೆ ಎರಡು ಮೀಟರಿಗೂ ಆಳಕ್ಕೆ ಇಳಿಯುತ್ತವೆ. ನೆಬ್ರಾಸ್ಕ ವಿಶ್ವವಿದ್ಯಾಲಯದ ಜಾನ್ ವೀವರ್ ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಕಂದಕ ತೋಡಿ, ಈ ಬೇರುಗಳನ್ನು ಒಂದೊಂದಾಗಿ ಬಿಡಿಸಿ ಚಿತ್ರಿಸಿದರು. ಹುಲ್ಲುಗಾವಲಿನ ಹೆಚ್ಚಿನ ಪಾಲು ನೆಲದಡಿಯಲ್ಲಿದೆ ಎಂಬುದನ್ನು ಆ ಚಿತ್ರಗಳು ಯಾವ ವಾದವೂ ಬೇಡದಂತೆ ತೋರಿಸುತ್ತವೆ. ಸಾವಿರಾರು ವರ್ಷ ಆ ಬೇರುಗಳು ಹುಟ್ಟಿ ಕೊಳೆತು ಕಪ್ಪುಮಣ್ಣಾಯಿತು. 1837ರಲ್ಲಿ ಜಾನ್ ಡಿಯರ್ ಉಕ್ಕಿನ ನೇಗಿಲನ್ನು ತಯಾರಿಸಿದ ಮೇಲೆ ಅಂಟುಮಣ್ಣು ಗುಳಕ್ಕೆ ಮೆತ್ತಿಕೊಳ್ಳದೆ ಮಗುಚಿ ಬೀಳತೊಡಗಿತು. ಇಲಿನಾಯ್ ಮತ್ತು ಅಯೋವಾದ ಪ್ರೇರಿಗಳು ಕೆಲವೇ ತಲೆಮಾರುಗಳಲ್ಲಿ ಮೆಕ್ಕೆಜೋಳದ ಹೊಲಗಳಾದವು.

ಫ್ಲಿಂಟ್ ಹಿಲ್ಸ್‌ನಲ್ಲಿ ಗುಳ ನೆಲಕ್ಕೆ ಇಳಿಯಲಿಲ್ಲ. ಪರ್ಮಿಯನ್ ಯುಗದ ಸುಣ್ಣಕಲ್ಲಿನ ಪದರಗಳಲ್ಲಿ ಚಕಮಕಿ ಕಲ್ಲಿನ ಗಂಟುಗಳಿವೆ. ಸುಣ್ಣಕಲ್ಲು ಕರಗಿಹೋದಂತೆ ಗಟ್ಟಿಯಾದ ಆ ಗಂಟುಗಳು ಇಳಿಜಾರಿನ ತೆಳುಮಣ್ಣಿನಲ್ಲಿ ತುಂಬಿಕೊಂಡವು. ಗುಡ್ಡಗಳ ತಪ್ಪಲಿನ ಹೊಳೆದಂಡೆಗಳನ್ನು ಉತ್ತರು, ಮೇಲಿನದು ದನಗಳ ಪಾಲಾಯಿತು. ಹಾಗಾಗಿ ಇಲ್ಲಿಯ ಪ್ರೇರಿ ಉಳಿದದ್ದು ಯಾವ ಕಾನೂನಿನಿಂದಲೂ ಅಲ್ಲ; ಕಲ್ಲು ಮೊದಲು, ದನಗಾಹಿಗಳು ಆಮೇಲೆ ಅದನ್ನು ಉಳಿಸಿದರು. ಸಂರಕ್ಷಣೆಯ ಬರಹಗಳಲ್ಲಿ ದನಗಾಹಿಗೆ ಸಿಗುವುದು ಸಾಮಾನ್ಯವಾಗಿ ಎದುರಾಳಿಯ ಪಾತ್ರ. ಇಲ್ಲಿ ಆ ಪಾತ್ರ ಹಂಚಿಕೆ ಸರಿಹೋಗುವುದಿಲ್ಲ.

ಕೊಂಜಾದ ಸಾಕ್ಷ್ಯ

ಮೀಸಲಿಗೆ ಉತ್ತರದಲ್ಲಿ, ಮ್ಯಾನ್‌ಹ್ಯಾಟನ್ ಪಟ್ಟಣದ ಹತ್ತಿರ, ಕೊಂಜಾ ಪ್ರೇರಿ ಜೈವಿಕ ಕೇಂದ್ರವಿದೆ. 1980ರಿಂದ ಅದು ಅಮೆರಿಕದ ದೀರ್ಘಾವಧಿ ಪರಿಸರ ಸಂಶೋಧನಾ ಜಾಲದ ಮೊದಲ ತಾಣಗಳಲ್ಲೊಂದು. ಅಲ್ಲಿಯ ಸುಮಾರು 3,500 ಹೆಕ್ಟೇರ್ ನೆಲವನ್ನು ಹಳ್ಳಗಳ ಜಲಾನಯನಗಳ ಗಡಿಯಂತೆ ವಿಂಗಡಿಸಿ, ಕೆಲವನ್ನು ವರ್ಷಕ್ಕೊಮ್ಮೆ, ಕೆಲವನ್ನು ಎರಡು, ನಾಲ್ಕು, ಇಪ್ಪತ್ತು ವರ್ಷಗಳಿಗೊಮ್ಮೆ ಸುಡುತ್ತಾರೆ. ಈ ಶಿಸ್ತನ್ನು ನಾಲ್ಕು ದಶಕಗಳಿಗೂ ಮೀರಿ ಬಿಡದೆ ನಡೆಸಿದ್ದು ದೊಡ್ಡ ಸಾಧನೆ. ಹುಲ್ಲುಗಾವಲಿನ ಬಗ್ಗೆ ನಾವು ಖಚಿತವಾಗಿ ಹೇಳಬಲ್ಲ ಎಷ್ಟೋ ಮಾತುಗಳು ಈ ಒಂದೇ ನೆಲದಿಂದ ಬಂದಿವೆ.

ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 800 ಮಿಲಿಮೀಟರಿಗಿಂತ ಹೆಚ್ಚು. ಮರ ಬೆಳೆಯಲು ಅಷ್ಟು ಸಾಕು. ಸುಡದೆ ಬಿಟ್ಟರೆ ಹಿಂದಿನ ವರ್ಷದ ಒಣದಂಟು ನೆಲಕ್ಕೆ ಹೊದಿಕೆಯಾಗಿ ಕೂರುತ್ತದೆ, ಬೆಳಕು ತಳ ಮುಟ್ಟುವುದಿಲ್ಲ, ಮಣ್ಣು ತಡವಾಗಿ ಬಿಸಿಯಾಗುತ್ತದೆ, ಹುಲ್ಲಿನ ತೆಂಡೆ ಒಡೆಯುವುದು ಕುಂದುತ್ತದೆ. ಆ ಸಂದಿನಲ್ಲಿ ಡಾಗ್‌ವುಡ್ ಪೊದೆಗಳು, ಈಸ್ಟರ್ನ್ ರೆಡ್‌ಸೀಡರ್ ಮರಗಳು ನೆಲೆಯೂರುತ್ತವೆ. ಬೆಂಕಿ ಬಂದಾಗ ಹುಲ್ಲಿಗೆ ಹಾನಿಯಿಲ್ಲ, ಅದರ ಚಿಗುರುವ ಮೊಗ್ಗು ಮಣ್ಣೊಳಗಿದೆ. ಎಳೆಯ ಸೀಡರ್‌ನ ಮೊಗ್ಗು ಉರಿಯ ಮಟ್ಟದಲ್ಲೇ ಇದೆ. ಝಾಕ್ ರಟಾಯ್ಜಾಕ್ ಮತ್ತು ಸಹೋದ್ಯೋಗಿಗಳು 2014ರಲ್ಲಿ ತೋರಿಸಿದಂತೆ, ಬೆಂಕಿಗಳ ನಡುವಿನ ಅಂತರ ಮೂರು ವರ್ಷ ಮೀರಿದರೆ ಹುಲ್ಲುಗಾವಲು ಪೊದೆಗಾಡಿನತ್ತ ಹೊರಳುತ್ತದೆ, ಹತ್ತು ವರ್ಷ ಮೀರಿದರೆ ಮರಗಾಡಿನತ್ತ. ಹೀಗೆ ಹೊರಳಿದ ಮೇಲೆ ಮತ್ತೆ ವರ್ಷವರ್ಷ ಸುಟ್ಟರೂ ಡಾಗ್‌ವುಡ್ ಪೊದೆ ಸುಲಭಕ್ಕೆ ಹೋಗುವುದಿಲ್ಲ. ಅದು ಬುಡದಿಂದ ಮತ್ತೆ ಚಿಗುರುತ್ತದೆ, ತನ್ನ ನೆರಳಿನಲ್ಲಿ ಹುಲ್ಲು ಬೆಳೆಯಲು ಬಿಡದೆ ಉರಿಗೆ ಬೇಕಾದ ಒಣಮೇವನ್ನೇ ಇಲ್ಲವಾಗಿಸುತ್ತದೆ. ‘ಸದ್ಯಕ್ಕೆ ಮುಟ್ಟದೆ ಬಿಡೋಣ, ಮುಂದೆ ನೋಡೋಣ’ ಎಂಬ ಎಚ್ಚರಿಕೆಯ ನೀತಿ ಕಾಡಿನಲ್ಲಿ ವಿವೇಕವಾಗಬಹುದು. ಪ್ರೇರಿಯಲ್ಲಿ ಅದು ಹಿಂದಿರುಗಲಾಗದ ನಷ್ಟ ತರುತ್ತದೆ.

ಆದರೆ ಬೆಂಕಿಯೊಂದೇ ಸಾಲದು. ಮೇಯುವ ಪ್ರಾಣಿಯಿಲ್ಲದೆ ಪ್ರತಿವರ್ಷ ಸುಟ್ಟ ತುಂಡುಗಳಲ್ಲಿ ಎತ್ತರದ ಹುಲ್ಲುಗಳೇ ಎಲ್ಲವನ್ನೂ ಆಕ್ರಮಿಸಿ, ಅಗಲೆಲೆಯ ಹೂಗಿಡಗಳು ವಿರಳವಾಗುತ್ತವೆ. ಕೊಂಜಾಕ್ಕೆ 1987ರಲ್ಲಿ ಬೈಸನ್‌ಗಳನ್ನು ಮರಳಿ ತಂದರು. ಹೆಚ್ಚುಕಡಿಮೆ ಹುಲ್ಲನ್ನೇ ತಿಂದು ಹೂಗಿಡಗಳನ್ನು ಬಿಡುವುದು ಅವುಗಳ ಸ್ವಭಾವ. ಹೊರಳಿ ಹೊರಳಿ ಅವು ಮಾಡುವ ಗುಂಡಿಗಳಲ್ಲಿ ಮಳೆನೀರು ನಿಂತು ಬೇರೆಯದೇ ಸಸ್ಯಗಳು ಹುಟ್ಟುತ್ತವೆ. 2022ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, 29 ವರ್ಷಗಳ ಅವಧಿಯಲ್ಲಿ ಬೈಸನ್ ಮೇದ ತಾಣಗಳಲ್ಲಿ ಸ್ಥಳೀಯ ಸಸ್ಯಪ್ರಭೇದಗಳ ಸಂಖ್ಯೆ ಶೇ. 103ರಷ್ಟು ಏರಿತು, ದನ ಮೇದಲ್ಲಿ ಏರಿಕೆ ಅದರ ಅರ್ಧಕ್ಕೂ ಕಡಿಮೆ. ಈ ಹೋಲಿಕೆಯನ್ನು ಉಲ್ಲೇಖಿಸುವವರು ಒಂದು ಸಂಗತಿಯನ್ನು ಬಿಟ್ಟುಬಿಡುತ್ತಾರೆ. ಬೈಸನ್‌ಗಳು ವರ್ಷವಿಡೀ ಅಲ್ಲೇ ಇದ್ದವು, ದನಗಳು ಹುಲ್ಲು ಬೆಳೆಯುವ ಕಾಲಕ್ಕೆ ಮಾತ್ರ. ಆದ್ದರಿಂದ ವ್ಯತ್ಯಾಸದ ಎಷ್ಟು ಪಾಲು ಪ್ರಾಣಿಯದು, ಎಷ್ಟು ಪಾಲು ಮೇಯಿಸುವ ಕ್ರಮದ್ದು ಎಂದು ಬೇರ್ಪಡಿಸಿ ನೋಡುವುದು ನ್ಯಾಯ. ದನಗಳಿದ್ದಲ್ಲೂ ಪ್ರಭೇದಗಳು ಹೆಚ್ಚಿದವು ಎಂಬ ಅರ್ಧ ವಾಕ್ಯಕ್ಕೂ ಅಷ್ಟೇ ತೂಕವಿದೆ.

ಏಪ್ರಿಲ್ ತಿಂಗಳ ಹೊಗೆ

ಫ್ಲಿಂಟ್ ಹಿಲ್ಸ್‌ನ ದನಗಾಹಿಗಳಿಗೆ ಬೆಂಕಿಯ ಅಗತ್ಯವನ್ನು ಯಾರೂ ಹೇಳಿಕೊಡಬೇಕಿಲ್ಲ. ಮೊದಲು ಗಾಳಿಗೆ ಎದುರಾಗಿ ಒಂದಂಚನ್ನು ನಿಧಾನ ಸುಟ್ಟು ಕರಿಪಟ್ಟಿ ಮಾಡಿಕೊಂಡು, ಆಮೇಲೆ ಗಾಳಿಯ ಕಡೆಯಿಂದ ಹಚ್ಚುವ ಕ್ರಮ ಅಲ್ಲಿ ಅಪ್ಪನಿಂದ ಮಗನಿಗೆ ಬಂದದ್ದು. ಬೇಗ ಮೈತುಂಬಿಸಬೇಕಾದ ಎಳೆಯ ಹೋರಿಗಳಿಗೆ ಸುಟ್ಟ ನೆಲದ ಚಿಗುರು ಅತ್ಯುತ್ತಮ ಮೇವು. ಹಾಗಾಗಿ ಎಷ್ಟೋ ಗಾವಲುಗಳು ಪ್ರತಿ ಏಪ್ರಿಲ್‌ನಲ್ಲೂ ಅಂಚಿನಿಂದ ಅಂಚಿಗೆ ಸುಡುತ್ತವೆ. ಹೊಗೆ ದೂರದ ನಗರಗಳವರೆಗೆ ಹೋಗಿ ಓಜೋನ್ ಮಟ್ಟ ಏರುವುದರಿಂದ 2010ರಲ್ಲಿ ಕ್ಯಾನ್ಸಸ್ ಹೊಗೆ ನಿರ್ವಹಣೆಗೆಂದೇ ಒಂದು ಯೋಜನೆ ರೂಪಿಸಬೇಕಾಯಿತು.

ಮರವನ್ನು ತಡೆಯುವಲ್ಲಿ ಈ ಪದ್ಧತಿ ಗೆದ್ದಿದೆ. ಸೋತದ್ದು ಹಕ್ಕಿಗಳ ವಿಷಯದಲ್ಲಿ. ಗ್ರೇಟರ್ ಪ್ರೇರಿ ಚಿಕನ್ ವಸಂತದಲ್ಲಿ ಕುಣಿಯಲು ಗಿಡ್ಡಹುಲ್ಲಿನ ದಿಬ್ಬ ಹುಡುಕುತ್ತದೆ, ಗೂಡಿಗೆ ಹಿಂದಿನ ವರ್ಷದ ಒಣಹುಲ್ಲಿನ ಮರೆ ಬೇಕೆನ್ನುತ್ತದೆ. ಹೆನ್ಸ್‌ಲೋ ಗುಬ್ಬಿಗೆ ಈಚೆಗೆ ಸುಡದ ದಟ್ಟ ಹುಲ್ಲೇ ಬೇಕು. ಎಲ್ಲೆಡೆ ಒಂದೇ ವಾರದಲ್ಲಿ ಸುಟ್ಟಾಗ ಈ ಎಲ್ಲ ಅಗತ್ಯಗಳೂ ಒಟ್ಟಿಗೆ ಇಲ್ಲವಾಗುತ್ತವೆ. ಒಕ್ಲಹೋಮಾದ ಸ್ಯಾಮ್ಯುಯೆಲ್ ಫುಲೆನ್‌ಡಾರ್ಫ್ ಮತ್ತು ಡೇವಿಡ್ ಎಂಗಲ್ 2001ರಲ್ಲಿ ಮುಂದಿಟ್ಟ ಸಲಹೆ ಸರಳವಾಗಿತ್ತು: ಗಾವಲನ್ನು ತುಂಡುಗಳಾಗಿ ಎಣಿಸಿ ಸರದಿಯಂತೆ ಸುಡಿ, ಒಳಬೇಲಿ ಬೇಡ. ಪ್ರಾಣಿಗಳು ತಾವಾಗಿ ಹೊಸ ಚಿಗುರಿಗೆ ಹೋಗುತ್ತವೆ, ಹಳೆಯ ತುಂಡುಗಳು ಬೆಳೆದು ಒಣಗಿ ಮುಂದಿನ ಬೆಂಕಿಗೆ ಸಿದ್ಧವಾಗುತ್ತವೆ. ಟಾಲ್‌ಗ್ರಾಸ್ ಮೀಸಲು ಅಳವಡಿಸಿಕೊಂಡಿರುವುದು ಈ ಕ್ರಮವನ್ನೇ. ನೆರೆಹೊರೆಯ ದನಗಾಹಿಗೆ ಒಪ್ಪಬಹುದಾದ ಲೆಕ್ಕದಲ್ಲಿ ಹಕ್ಕಿಗೂ ಹೂವಿಗೂ ಜಾಗ ಮಾಡಿಕೊಡಬಹುದೆಂದು ಕಣ್ಣೆದುರು ತೋರಿಸುವುದು ಈ ಮೀಸಲು ಮಾಡಬಹುದಾದ ಅತಿ ದೊಡ್ಡ ಕೆಲಸ. ಹತ್ತು ಸಾವಿರ ಎಕರೆಯಿಂದ ಪ್ರೇರಿ ಉಳಿಯದು. ಅದನ್ನು ಸುತ್ತುವರಿದ ಲಕ್ಷಾಂತರ ಎಕರೆ ಖಾಸಗಿ ಗಾವಲುಗಳಿಂದ ಉಳಿಯಬೇಕು.

ಒಡೆತನದ ರಾಜಿ

ಇಲ್ಲಿ ಚರಿತ್ರೆ ಒಳಗೆ ಬರುತ್ತದೆ. 1961ರ ಡಿಸೆಂಬರ್‌ನಲ್ಲಿ ಅಮೆರಿಕದ ಆಂತರಿಕ ಇಲಾಖೆಯ ಕಾರ್ಯದರ್ಶಿ ಸ್ಟೂವರ್ಟ್ ಯುಡಾಲ್, ಪ್ರೇರಿ ಉದ್ಯಾನಕ್ಕೆ ಯೋಗ್ಯವೆನಿಸಿದ ಜಾಗ ನೋಡಲು ಪಾಟವಾಟಮಿ ಕೌಂಟಿಯ ಗುಡ್ಡವೊಂದರ ಮೇಲೆ ಹೆಲಿಕಾಪ್ಟರ್‌ನಲ್ಲಿ ಇಳಿದರು. ಆ ನೆಲವನ್ನು ಗುತ್ತಿಗೆಗೆ ಹಿಡಿದಿದ್ದ ದನಗಾಹಿ ಎದುರು ಬಂದು, ಅಪ್ಪಣೆಯಿಲ್ಲದೆ ನುಗ್ಗಿದ್ದೀರಿ, ಹೊರಡಿ ಎಂದರು. ಆ ಪ್ರಸ್ತಾಪ ಬಿದ್ದುಹೋಯಿತು. ನಂತರದ ಮಸೂದೆಗಳೂ ಗೆಲ್ಲಲಿಲ್ಲ. ಕೊನೆಗೆ ಗೆದ್ದದ್ದು ರಾಜಿ. 1881ರಲ್ಲಿ ಸ್ಟೀಫನ್ ಜೋನ್ಸ್ ಕಟ್ಟಿಸಿದ ಸುಣ್ಣಕಲ್ಲಿನ ಮನೆಯಿದ್ದ ರಾಂಚನ್ನು 1994ರಲ್ಲಿ ನ್ಯಾಷನಲ್ ಪಾರ್ಕ್ ಟ್ರಸ್ಟ್ ಎಂಬ ಖಾಸಗಿ ಸಂಸ್ಥೆ ಕೊಂಡಿತು. ಸೆನೆಟರ್ ನ್ಯಾನ್ಸಿ ಕ್ಯಾಸಬಾಮ್ ಅವರ ಪ್ರಯತ್ನದಿಂದ 1996ರಲ್ಲಿ ಬಂದ ಕಾನೂನು ಕೇಂದ್ರ ಸರಕಾರ 180 ಎಕರೆಗಿಂತ ಹೆಚ್ಚು ನೆಲದ ಒಡೆತನ ಪಡೆಯಬಾರದೆಂದು ಮಿತಿ ಹಾಕಿತು. 2005ರಿಂದ ಹೆಚ್ಚಿನ ನೆಲದ ಒಡೆತನ ದಿ ನೇಚರ್ ಕನ್ಸರ್ವೆನ್ಸಿ ಎಂಬ ಖಾಸಗಿ ಸಂಸ್ಥೆಯದು, ಉಸ್ತುವಾರಿ ರಾಷ್ಟ್ರೀಯ ಉದ್ಯಾನ ಸೇವೆಯ ಜೊತೆಗೂಡಿ. 2009ರಲ್ಲಿ ದಕ್ಷಿಣ ಡಕೋಟಾದ ವಿಂಡ್ ಕೇವ್ ಉದ್ಯಾನದಿಂದ 13 ಬೈಸನ್‌ಗಳು ಬಂದವು. ಮೀಸಲಿನ ಬೇರೆ ಭಾಗಗಳಲ್ಲಿ ದನಗಳೂ ಮೇಯುತ್ತವೆ.

ಹುಲ್ಲಿಗೆ ಅರೆಮನಸ್ಸಿನ ರಕ್ಷಣೆ ದೊರೆತಿದೆ ಎಂದು ಈ ಏರ್ಪಾಡನ್ನು ದೂರುವವರಿದ್ದಾರೆ. ನನಗೆ ಹಾಗೆನಿಸುವುದಿಲ್ಲ. ದನ ಮೇಯುವ ಮೀಸಲಿನಲ್ಲಿ ನಡೆದ ಪ್ರಯೋಗವನ್ನು ಪಕ್ಕದ ರಾಂಚಿನವರು ತಮ್ಮದರ ಜೊತೆ ಹೋಲಿಸಿ ನೋಡಬಲ್ಲರು. ದನವನ್ನೇ ಹೊರಹಾಕಿದ ಉದ್ಯಾನದಿಂದ ಅವರು ಕಲಿಯುವುದೇನೂ ಇರುತ್ತಿರಲಿಲ್ಲ.

ಈ ರಾಜಿಯಲ್ಲಿ ಕರೆಯದೆ ಬಿಟ್ಟವರು ಬೇರೆಯವರು. ಕ್ಯಾನ್ಸಸ್‌ಗೆ ಹೆಸರು ಬಂದದ್ದು ಕಾ, ಅಂದರೆ ಕಾನ್ಜಾ ಜನರಿಂದ. ಅವರೂ ಒಸೇಜ್ ಮೊದಲಾದ ನೆರೆಯ ಜನರೂ ಬೇಟೆಗೆಂದು, ಚಿಗುರಿಗೆಂದು ಈ ಬಯಲನ್ನು ಸುಡುತ್ತಿದ್ದರು. 1846ರ ಒಪ್ಪಂದದಲ್ಲಿ ಕಾ ಜನರ ನೆಲ ಕೈತಪ್ಪಿತು. ಕೌನ್ಸಿಲ್ ಗ್ರೋವ್ ಬಳಿ ಉಳಿದಿದ್ದ ತುಣುಕಿನಿಂದಲೂ 1873ರಲ್ಲಿ ಅವರನ್ನು ಈಗಿನ ಒಕ್ಲಹೋಮಾಕ್ಕೆ ಕಳಿಸಲಾಯಿತು. ಈಚಿನ ದಶಕಗಳಲ್ಲಿ ಅವರು ಕೌನ್ಸಿಲ್ ಗ್ರೋವ್ ಹತ್ತಿರ ಒಂದಿಷ್ಟು ನೆಲವನ್ನು ಮರಳಿ ಕೊಂಡು ಸ್ಮಾರಕ ಉದ್ಯಾನ ಮಾಡಿದ್ದಾರೆ. ಪ್ರೇರಿಯನ್ನು ‘ನೈಸರ್ಗಿಕ’ ಎನ್ನುವ ಪ್ರತಿ ಬರಹವೂ ಈ ಜನರ ಕೈಕೆಲಸವನ್ನು ಅಳಿಸಿಯೇ ಆ ಮಾತನ್ನು ಆಡುತ್ತದೆ.

ಕನ್ನಡದ ಓದುಗರಿಗೆ ಇದು ದೂರದ ಕತೆಯಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ವರ್ಷದ ಆರಂಭದಲ್ಲೇ ತಣ್ಣನೆಯ ಸಣ್ಣ ಉರಿಯಾಗಿ ಹಚ್ಚುತ್ತಿದ್ದ ತರಗು ಬೆಂಕಿ, 1974ರಲ್ಲಿ ಆ ಕಾಡು ಅಭಯಾರಣ್ಯವಾದ ಮೇಲೆ ನಿಂತಿತು. ಲಂಟಾನ ಹಬ್ಬಿದ್ದು ಆ ಬೆಂಕಿ ನಿಂತದ್ದರಿಂದ ಎಂಬುದು ಸೋಲಿಗರ ವಿವರಣೆ. ಅಂಕಿಲಾ ಹಿರೇಮಠ, ಭರತ್ ಸುಂದರಂ ಮೊದಲಾದ ಸಂಶೋಧಕರು ಅದನ್ನು ಗಂಭೀರವಾಗಿ ಪರಿಶೀಲಿಸಿದ್ದಾರೆ. ಕೊಂಜಾದ ಮೂರು ವರ್ಷದ ಅಂತರವನ್ನು ಬೆಟ್ಟಕ್ಕೆ ಹಾಗೆಯೇ ತರಲಾಗದು. ಅಲ್ಲಿಯ ಮಳೆ, ಗಿಡ, ನೆಲ ಎಲ್ಲವೂ ಬೇರೆ. ಆದರೆ ಸುಡುವವರನ್ನು ಹೊರಗಿಟ್ಟು ಬೆಂಕಿಯನ್ನು ಅಪರಾಧವಾಗಿಸಿದಾಗ ಏನಾಗುತ್ತದೆ ಎಂಬುದನ್ನು ಅಳೆಯಲು, ಅಂಥದೇ ದೀರ್ಘ ಪ್ರಯೋಗ ನಮ್ಮ ನೆಲದಲ್ಲೂ, ಸೋಲಿಗರ ಸಹಭಾಗಿತ್ವದಲ್ಲಿ, ನಡೆಯಬೇಕು.

ಭೇಟಿ ಮತ್ತು ಕಾಲ

ಮೀಸಲಿಗೆ ಪ್ರವೇಶ ಶುಲ್ಕವಿಲ್ಲ. 40 ಮೈಲಿಗೂ ಹೆಚ್ಚು ಕಾಲುದಾರಿಗಳಿವೆ. ಬೈಸನ್‌ಗಳಿರುವ ವಿಂಡ್‌ಮಿಲ್ ಗಾವಲಿನ ನಡುವೆಯೇ ಒಂದು ದಾರಿ ಹಾಯುತ್ತದೆ. ಅಲ್ಲಿ ನಾಯಿಯನ್ನು ಕರೆದೊಯ್ಯುವಂತಿಲ್ಲ, ಪ್ರಾಣಿಗಳಿಂದ ನೂರು ಗಜಕ್ಕೂ ಹೆಚ್ಚು ದೂರ ಇರಬೇಕು. ಈ ದಾರಿಯಲ್ಲಿ ನಡೆಯುವವರು ಸುಡುವ ಸರದಿಯನ್ನು ನೆಲದ ಮೇಲೆಯೇ ಓದಬಹುದು. ಈ ವರ್ಷ ಸುಟ್ಟ ತುಂಡಿನಲ್ಲಿ ಹುಲ್ಲು ಒತ್ತಾಗಿ ಗಿಡ್ಡ, ಮೇಯುವ ಪ್ರಾಣಿಗಳೂ ಅಲ್ಲೇ; ಹಿಂದಿನ ವರ್ಷದ್ದರಲ್ಲಿ ಹೂಗಳು ಹೆಚ್ಚು; ಅದಕ್ಕೂ ಹಳೆಯದರಲ್ಲಿ ಬೂದು ಬಣ್ಣದ ಒಣದಂಟು ಕಾಲಿಗೆ ತೊಡರುತ್ತದೆ. ಕಾರಿನ ಕಿಟಕಿಯಿಂದ ಇವೆಲ್ಲ ಒಂದೇ ಹಸಿರಾಗಿ ಕಾಣುತ್ತವೆ. ಆದ್ದರಿಂದ ನಡೆದೇ ನೋಡಬೇಕು. ಹೊರಡುವ ಮುನ್ನ ಬೂಟಿಗೂ ಬಟ್ಟೆಗೂ ಅಂಟಿದ ಬೀಜಗಳನ್ನು ಉದುರಿಸಿಕೊಳ್ಳಬೇಕು.

ಬೀಜದ ಮಾತು ಸುಮ್ಮನೆ ಹೇಳಿದ್ದಲ್ಲ. ಏಷ್ಯಾದಿಂದ ಮಣ್ಣುಸವಕಳಿ ತಡೆಗೆಂದು ತಂದ ಸೆರೀಸಿಯಾ ಲೆಸ್ಪಿಡೀಜಾ ಎಂಬ ದ್ವಿದಳ ಗಿಡ ಫ್ಲಿಂಟ್ ಹಿಲ್ಸ್‌ನ ದೊಡ್ಡ ಪಿಡುಗು. ಕ್ಯಾನ್ಸಸ್ 2000ದಲ್ಲಿ ಅದನ್ನು ರಾಜ್ಯದಾದ್ಯಂತ ಹಾನಿಕರ ಕಳೆಯೆಂದು ಘೋಷಿಸಿತು. ಎಲೆಯಲ್ಲಿ ಟ್ಯಾನಿನ್ ಹೆಚ್ಚಿರುವುದರಿಂದ ದನಗಳು ಅದನ್ನು ಬಿಡುತ್ತವೆ, ಏಪ್ರಿಲ್ ಬೆಂಕಿಗೆ ಅದು ಜಗ್ಗುವುದಿಲ್ಲ. ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದ ಪ್ರಯೋಗಗಳಲ್ಲಿ ಪರಿಣಾಮ ಕಂಡದ್ದು ಆಗಸ್ಟ್ ಮತ್ತು ಸೆಪ್ಟೆಂಬರ್ ಮೊದಲಲ್ಲಿ, ಗಿಡ ಬೀಜ ಕಟ್ಟುವ ಮುನ್ನ, ಹಚ್ಚಿದ ಬೆಂಕಿಯಿಂದ. ಆ ಬೆಂಕಿಗೆ ಬಿಗ್ ಬ್ಲೂಸ್ಟೆಮ್ ಕುಗ್ಗಲಿಲ್ಲ. ಆದರೆ ಪ್ರವಾಸಿಗರು ಆಳೆತ್ತರದ ಹುಲ್ಲು ನೋಡಲೆಂದು ಬರುವುದೂ ಅದೇ ತಿಂಗಳುಗಳಲ್ಲಿ. ಮೀಸಲು ಅಲ್ಲಲ್ಲಿ ಬೇಸಿಗೆಯ ಕೊನೆಯ ಬೆಂಕಿಗೆ ಜಾಗ ಬಿಡಬೇಕು, ಕರಿನೆಲದ ಪಕ್ಕದಲ್ಲೇ ದಾರಿ ಹಾಯಿಸಬೇಕು, ಆ ದಾರಿಯಲ್ಲಿ ಬರುವವರಿಗೆ ಕಾರಣ ವಿವರಿಸುವ ಸಿಬ್ಬಂದಿಗೆ ಹಣ ಒದಗಿಸಬೇಕು ಎಂಬುದು ನನ್ನ ಅಭಿಪ್ರಾಯ. ನೋಟಕ್ಕಾಗಿ ಸುಡುವ ಕಾಲವನ್ನು ಮುಂದೂಡಿದರೆ ಕೆಲವೇ ವರ್ಷಗಳಲ್ಲಿ ಆ ಇಳಿಜಾರುಗಳು ಲೆಸ್ಪಿಡೀಜಾದ ಪಾಲಾಗುತ್ತವೆ.